ಬಲಗಡೆಯ ಹಳದಿ ದೀಪ

ಆಗ ನಮ್ಮ ಶಹಾಬಾದಿನಲ್ಲಿ ಮೋಟಾರುಗಳು ಎಷ್ಟು ಕಡಿಮೆ ಇದ್ದವೆಂದರೆ, ಅಂಗಳದಲ್ಲಿ ಕುಂಟಾಟ ಆಡುತ್ತಿದ್ದ ನಾವು ಹುಡುಗಿಯರು ತಲೆ ಎತ್ತದೆ, ಬರೀ ಸದ್ದಿನ ಮೇಲೆ ಯಾರ ಗಾಡಿ ಬಂತೆಂದು ಹೇಳುತ್ತಿದ್ದೆವು. ಅಪ್ಪನ ಗ್ಯಾರೇಜು ಸ್ಟೇಷನ್ ರಸ್ತೆಯಲ್ಲಿತ್ತು, ಅದರ ಹಿಂದೆಯೇ ಮನೆ. ಊರ ತುಂಬ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಧೂಳು. ನಮ್ಮ ಮನೆಯಲ್ಲಿ ಮಾತ್ರ ಅದರ ಜೊತೆಗೆ ಪೆಟ್ರೋಲು, ಗ್ರೀಸಿನ ವಾಸನೆ. ಅವ್ವ ತಟ್ಟಿದ ಜೋಳದ ರೊಟ್ಟಿಗೂ ಅದು ಹತ್ತುತ್ತದೆಂದು ಅಜ್ಜಿ ಗೊಣಗುತ್ತಿದ್ದಳು.

ಆ ಗಾಡಿಗಳಲ್ಲೆಲ್ಲ ನನಗೆ ಪ್ರೀತಿಯದು ಹಬೀಬ ಸಾಹೇಬರ ವಿಲಾಯತಿ ಕಾರು. ಸಾಹೇಬರಿಗೆ ಕಲ್ಲಿನ ಖಣಿ ಇತ್ತು. ಖಣಿಗಿಂತ ಅವರಿಗೆ ಕಾರಿನ ಮೇಲೇ ಹೆಚ್ಚು ಲಕ್ಷ್ಯ. ಕಡುಹಸಿರು ಬಣ್ಣ, ದುಂಡನೆಯ ಮೂತಿ. ಮುಂದಿನ ಬಂಪರಿನ ಮೇಲೆ ಅಡ್ಡಲಾಗಿ ಒಂದು ನಿಕಲ್ ಪಾಲಿಶಿನ ರಾಡು. ರಾಡಿನ ಎರಡು ತುದಿಗೆ ಎರಡು ಹೆಚ್ಚಿನ ದೀಪ, ನಡುವೆ ಬಿಲ್ಲೆಗಳು. ಒಂದರ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ, ಇನ್ನೊಂದು ನೀಲಿ ಎನಾಮಲ್ಲಿನದು, ಮತ್ತೊಂದರ ಮೇಲೆ ಕುದುರೆಯ ಮುಖ. ಕಾರು ಗ್ಯಾರೇಜಿಗೆ ಬಂದಾಗಲೆಲ್ಲ ನಾನು ಆ ಹಕ್ಕಿಯನ್ನು ಮುಟ್ಟಿ ನೋಡುತ್ತಿದ್ದೆ. ನಮ್ಮ ಮನೆ ದಾಟುವಾಗ ಸಾಹೇಬರು ಎರಡು ಸಲ ಹಾರ್ನ್ ಹೊಡೆಯುವುದು ರೂಢಿ. ನಾನು ಕೈ ಬೀಸಬೇಕು.

ಒಂದು ಶ್ರಾವಣದಲ್ಲಿ, ನಾಗರ ಪಂಚಮಿಯ ಹಿಂದಿನ ದಿನ, ಸಾಹೇಬರು ಒಬ್ಬರೇ ಚಿಂಚೋಳಿಗೆ ಹೊರಟರು. ಅಲ್ಲಿ ಅವರ ಅಕ್ಕನಿಗೆ ಆರಾಮಿರಲಿಲ್ಲ. ಸೇಡಮ್ ದಾಟಿದ ಮೇಲೆ ಒಂದು ಹಳ್ಳ. ಸೇತುವೆ ಇರಲಿಲ್ಲ, ನೀರಿಗಿಳಿದೇ ದಾಟಬೇಕು. ಆ ಸಂಜೆ ಹಳ್ಳ ತುಂಬಿ ಬಂತು. ಮರುದಿನ ಬೆಳಿಗ್ಗೆ ಕಾರು ಕೆಳಗಡೆ ಜಾಲಿಗಿಡಗಳ ನಡುವೆ ಸಿಕ್ಕಿಕೊಂಡದ್ದನ್ನು ದನ ಕಾಯುವವರು ನೋಡಿದರು. ಒಳಗೆ ಯಾರೂ ಇರಲಿಲ್ಲ. ಮುಂದಿನ ರಾಡು ಕಿತ್ತುಹೋಗಿತ್ತು. ದಾರಿ ಕಡಿದಿದ್ದರಿಂದ ಸುದ್ದಿ ನಮ್ಮೂರಿಗೆ ಮುಟ್ಟಿದ್ದು ಹಬ್ಬದ ಮರುದಿನ. ಸಾಹೇಬರ ದೇಹ ಸಿಗಲೇ ಇಲ್ಲ.

ಅವರ ಹೆಂಡತಿಗೆ ನಾನು ಖಾಲಾ ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಗಂಡ ಹೋದರೆಂದು ಖಾಲಾ ಒಪ್ಪಲಿಲ್ಲ. ಕೈಯ ಬಳೆ ತೆಗೆಯಲಿಲ್ಲ, ಬಣ್ಣದ ಸೀರೆ ಬಿಡಲಿಲ್ಲ. ಅವರ ತಮ್ಮಂದಿರು ಬಂದು ಹೇಳಿ ಹೇಳಿ ಸೋತು ಹೋದರು. ಖಾಲಾ ಕಾರನ್ನು ಎತ್ತುಗಳಿಂದ ಎಳೆಸಿ, ಲಾರಿಯಲ್ಲಿ ಹಾಕಿಸಿ ನಮ್ಮ ಗ್ಯಾರೇಜಿಗೆ ತರಿಸಿದರು.

"ಬಸಣ್ಣ, ಅವ್ರು ಬಂದಾಗ ಗಾಡಿ ಮೊದಲಿನಂಗೇ ಇರಬೇಕ್ ನೋಡು," ಅಂದರು.

ಅಪ್ಪ ನೆಲ ನೋಡುತ್ತ, "ಆಯ್ತ್ರಿ ಅಮ್ಮಾ," ಅಂದ.

ಇಂಜಿನ್ನಿನಲ್ಲಿ ಕೆಸರು, ಸೀಟಿನ ಸ್ಪ್ರಿಂಗಿನಲ್ಲಿ ಜಾಲಿಮುಳ್ಳು. ದಸರೆ ದಾಟಿ ಚಳಿ ಬೀಳುವವರೆಗೂ ಅಪ್ಪ ಅದನ್ನೇ ಬಿಚ್ಚಿ ಒರೆಸಿದ. ಖಾಲಾ ಮಧ್ಯಾಹ್ನದ ಹೊತ್ತು ಬಂದು ಕಲ್ಲುಕಟ್ಟೆಯ ಮೇಲೆ ಕೂತು, ಕೆಲಸ ನೋಡಿ ಹೋಗುವರು. ಸೆರಗಿನಲ್ಲಿ ನನಗಾಗಿ ಹುರಿದ ಶೇಂಗಾ ತರುತ್ತಿದ್ದರು. ಗಾಡಿ ಒಣಗಿ ಬಿಸಿಲಿಗೆ ನಿಂತರೂ ಅದರ ಬಾಗಿಲು ತೆಗೆದರೆ ಹಳ್ಳದ ನೀರಿನ ವಾಸನೆ. ಅವ್ವ ಒಳಗೆ ಲೋಬಾನದ ಹೊಗೆ ಹಾಕಿದಳು. ಎರಡು ದಿನ ಬಿಟ್ಟು ಅದೇ ವಾಸನೆ. ನಮ್ಮ ಬೆಕ್ಕು ಎಲ್ಲ ಗಾಡಿಗಳ ಕೆಳಗೂ ಮಲಗುತ್ತಿತ್ತು, ಅದರ ಕೆಳಗೆ ಮಾತ್ರ ಹೋಗುತ್ತಿರಲಿಲ್ಲ.

ನೀರು ಇಳಿದ ಮೇಲೆ ಹಳ್ಳದ ಮರಳಿನಲ್ಲಿ ರಾಡು ಸಿಕ್ಕಿತೆಂದು ಯಾರೋ ಖಾಲಾರಿಗೆ ಕಳಿಸಿದರು. ಬಿಲ್ಲೆಗಳು ಹಾಗೇ ಇದ್ದವು. ದೀಪಗಳೆರಡೂ ಹೋಗಿದ್ದವು. ಅಪ್ಪ ರಾಡನ್ನು ಕಾಯಿಸಿ, ಬಡಿದು ನೆಟ್ಟಗೆ ಮಾಡಿ, ಹೈದರಾಬಾದಿಗೆ ಕಳಿಸಿ ನಿಕಲ್ ಮಾಡಿಸಿದ. ಅಲ್ಲಿನ ಗುಜರಿಯಲ್ಲಿ ಅದೇ ಕಾಲದ ಒಂದು ಜೊತೆ ದೀಪವೂ ಸಿಕ್ಕಿತು. ಬಂಪರಿನ ಹಿಂದೆ ಹೊಸ ಹಿಡಿಕೆ ಕೂರಿಸಿ, ಅದುರದ ಹಾಗೆ ನಡುವೆ ಟ್ಯೂಬಿನ ರಬ್ಬರ್ ಕೊಟ್ಟು, ನಟ್ಟು ಬಿಗಿದ. ವೈರನ್ನು ಮೂತಿಯ ಜಾಲರಿಯ ಹಿಂದಿನಿಂದ ಒಳಗೆ ಎಳೆದು ಸ್ವಿಚ್ಚಿಗೆ ಕೊಟ್ಟ. ಮುಸ್ಸಂಜೆ. ಖಾಲಾ ಕಟ್ಟೆಯ ಮೇಲಿದ್ದರು. ಅಪ್ಪ ಸ್ವಿಚ್ಚು ಒತ್ತಿದಾಗ ಎದುರಿನ ಗೋಡೆಯ ಮೇಲೆ ಎರಡು ಬಿಳಿ ಬೆಳಕು ಬಿದ್ದವು.

"ಅಪ್ಪಾ, ಬಲಗಡೀದು ಹಳದಿ ಇತ್ತಲ್ಲ," ಅಂದೆ ನಾನು.

"ಎರಡೂ ಬಿಳೀವೇ ಇದ್ವು, ನಾನೇ ಎಷ್ಟ್ ಸಲ ಒರೆಸೀನಿ," ಅಂದ ಅಪ್ಪ.

"ಇಲ್ಲಪ್ಪ. ಹಳದಿ ಇತ್ತು. ನಾ ನೋಡೀನಿ."

ಖಾಲಾ ಎದ್ದು ನಿಂತರು. ಅವರ ಸೆರಗಿನ ಶೇಂಗಾ ನೆಲಕ್ಕೆ ಬಿದ್ದಿದ್ದು ಅವರಿಗೆ ತಿಳಿಯಲಿಲ್ಲ.

"ಯಾವಾಗ್ ನೋಡಿದಿ, ಶಾಂತೂ?"

"ಪಂಚಮಿ ದಿನ. ಜೋಕಾಲಿ ಆಡ್ಲಿಕತ್ತಿದ್ದೆ."

ನನಗೆ ಅದು ಚೆನ್ನಾಗಿ ನೆನಪಿತ್ತು. ಬೇವಿನ ಮರಕ್ಕೆ ಹಗ್ಗ ಕಟ್ಟಿದ್ದರು. ಉಡಿಯಲ್ಲಿ ಜೋಳದ ಅಳ್ಳು, ಕೈಯಲ್ಲಿ ಎಳ್ಳಿನ ಉಂಡಿ. ದೀಪ ಹಚ್ಚುವ ಹೊತ್ತು, ಹನಿ ಮಳೆ. ಜೋಕಾಲಿ ಮೇಲೆ ಹೋದಾಗಲೆಲ್ಲ ಗೋಡೆಯಾಚೆಯ ರಸ್ತೆ ಕಾಣುತ್ತಿತ್ತು. ಒಮ್ಮೆ ಮೇಲೆ ಹೋದಾಗ ಸಾಹೇಬರ ಕಾರು ಬರುತ್ತಿತ್ತು, ಒಂದು ದೀಪ ಬಿಳಿ, ಒಂದು ಹಳದಿ. ಕೈ ಬೀಸಿದೆ. ಹಾರ್ನ್ ಆಗಲಿಲ್ಲ, ಇಂಜಿನ್ನಿನ ಸದ್ದೂ ಇರಲಿಲ್ಲ. ಮಳೆಗೆ ಕೇಳಿಸಲಿಲ್ಲ ಅಂದುಕೊಂಡೆ. ಮತ್ತೆ ಮೇಲೆ ಹೋದಾಗ ಕಾರು ಅವರ ಮನೆಯ ಕಡೆಗೆ ಹೊರಳಿತ್ತು. ಇದನ್ನೆಲ್ಲ ಹೇಳಿದೆ. ಪಂಚಮಿಯ ಬೆಳಿಗ್ಗೆಯೇ ಕಾರು ಜಾಲಿಗಿಡದಲ್ಲಿ ಸಿಕ್ಕಿತ್ತೆಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಅಪ್ಪ ಸ್ವಿಚ್ಚು ಆರಿಸಿದ. ಖಾಲಾ ಮೆಲ್ಲಗೆ ಹೇಳಿದರು, "ಲೈಟಿಂದು ಹಳದಿ ಕಾಜ ಒಂದು ಹೈದರಾಬಾದಿನಿಂದ ತಂದಿದ್ರು ಬಸಣ್ಣ. ಮಂಜಿನಾಗ ದಾರಿ ಛಲೋ ಕಾಣ್ತದಂತ. ಹೋಗೋ ದಿನ ಕಾಗದದಾಗ ಸುತ್ತಿ ಸೀಟಿನ ಮ್ಯಾಲ ಇಟ್ಕೊಂಡ್ರು. ಬಂದ ಮ್ಯಾಲ ಹಚ್ತೀನಿ ಅಂದ್ರು. ಈ ಮಾತು ನನಗಷ್ಟೇ ಗೊತ್ತದ."

ಮರುದಿನ ಅಪ್ಪ ಬಲಗಡೆಯ ದೀಪದ ಗಾಜಿಗೆ ತೆಳುವಾಗಿ ಹಳದಿ ಬಣ್ಣ ಹಚ್ಚಿದ. ಆ ಹಳ್ಳ ನೋಡಲೇಬೇಕೆಂದು ಖಾಲಾ ಅಂದಿದ್ದರು, ಊಟ ಮುಗಿಸಿ ಮೂವರೂ ಹೊರಟೆವು. ಅವ್ವ ನನ್ನನ್ನು ಕಳಿಸಲು ಒಪ್ಪಿರಲಿಲ್ಲ. "ಹುಡುಗಿ ನನ್ನ ಬಾಜೂಕೇ ಕುಂದರ್ಲಿ," ಎಂದು ಖಾಲಾ ಹೇಳಿದ ಮೇಲೆ ಸುಮ್ಮನಾದಳು. ದಾರಿಯುದ್ದಕ್ಕೂ ಖಾಲಾ ನನ್ನ ಕೈ ಹಿಡಿದಿದ್ದರು. ಹೊಲಗಳಲ್ಲಿ ಎಳೆ ಜೋಳದ ಸೀತನಿ ಸುಡುವ ವಾಸನೆ. ಸೇಡಮ್ ದಾಟುವಾಗ ಬಿಸಿಲು ಇಳಿಯಿತು, ಹಳ್ಳದ ಹತ್ತಿರ ಮಂಜು ಕೂತಿತ್ತು. ಅಪ್ಪ ರಾಡಿನ ದೀಪ ಹಚ್ಚಿದ.

ಹಳ್ಳದ ದಂಡೆಯಲ್ಲಿ ಒಂದು ಚಹಾದ ಗುಡಿಸಲು. ನಮ್ಮ ಬೆಳಕು ಬಿದ್ದೊಡನೆ ಒಳಗಿನಿಂದ ಒಬ್ಬ ಮುದುಕಿ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಗೋಡೆಗೆ ಒರಗಿ ನಿಂತುಬಿಟ್ಟಳು. ಅಪ್ಪ ಇಳಿದ ಮೇಲೆ ಅವಳಿಗೆ ಉಸಿರು ಬಂತು.

"ಸಾಹೇಬ್ರೇ ಬಂದ್ರು ಅನ್ಕೊಂಡ್ನಿ," ಅಂದಳು. "ಅದೇ ಗಾಡಿ, ಅದೇ ಹಳದಿ ಲೈಟು."

ಖಾಲಾ ಕಾರಿನಿಂದಲೇ ಕೇಳಿದರು, "ಹಳದಿ ಲೈಟು ನೀ ಎಲ್ಲಿ ನೋಡಿದಿ, ಅವ್ವಾ?"

"ಇಲ್ಲೇ ರೀ. ನನ್ನ ಕಡೆ ಚಹಾ ಕುಡದು, ಇಲ್ಲೇ ಕುಂತು ತಾವೇ ಕಾಜ ಬಿಚ್ಚಿ ಹಳದೀದು ಹಾಕಿದ್ರು. ಭಾಳ ಖುಷಿಲೇ ಇದ್ರು. ನೀರು ಏರ್ಲಿಕತ್ತದ, ಬ್ಯಾಡ್ರಿ ಅಂದ್ನಿ. ಹಚ್ಚಿದ ಲೈಟು ಆರಿಸಲಾರದೇ ಇಳದ್ರು. ಆಮ್ಯಾಲ ಮಳಿ ಜೋರ್ ಬಂತು, ಏನೂ ಕಾಣಲಿಲ್ಲ."

"ಇದು ಯಾರಿಗೂ ಹೇಳಲಿಲ್ಲೇನು?"

"ಕಾಜಿಂದು ಯಾರು ಕೇಳ್ತಾರ್ರಿ."

ಅಪ್ಪ ನನ್ನ ಕಡೆ ನೋಡಿದ. ಅಂಥ ಮುಖವನ್ನು ಅವನಲ್ಲಿ ನಾನು ಮತ್ತೆಂದೂ ನೋಡಲಿಲ್ಲ. ಆ ಹಳದಿ ಕಾಜು ದೀಪಕ್ಕೆ ಏರಿದ್ದು ಇಲ್ಲಿ, ನೀರಿಗಿಳಿಯುವ ಮುಂಚೆ. ಆಮೇಲೆ ಆ ಕಾರು ಶಹಾಬಾದಿಗೆ ಬಂದಿರಲಿಲ್ಲ. ನಾನೋ ಅದನ್ನು ನಮ್ಮ ರಸ್ತೆಯಲ್ಲಿ ನೋಡಿದ್ದೆ. ನನ್ನ ಹಲ್ಲು ಕಟಕಟ ಅನ್ನತೊಡಗಿತು. ಚಳಿಯೆಂದು ಮುದುಕಿ ಒಳಗಿನಿಂದ ಕಂಬಳಿ ತಂದು ಹೊದಿಸಿದಳು.

ಖಾಲಾ ಇಳಿದು ನೀರಿನ ತನಕ ನಡೆದರು. ಎರಡು ಬಣ್ಣದ ಬೆಳಕಿನಲ್ಲಿ ಅವರ ಬೆನ್ನು ಕಾಣುತ್ತಿತ್ತು. ಕೂತು, ಕೈಗೆ ನೀರು ಹಚ್ಚಿಕೊಂಡು, ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದು ದಂಡೆಯ ಮೇಲಿಟ್ಟರು. ಕೈ ಎತ್ತಿ ದುವಾ ಮಾಡಿದರು. ಅವರು ಅತ್ತದ್ದು ನಾನು ಕೇಳಿದ್ದು ಅದೇ ಮೊದಲು. ಆಚೆ ದಂಡೆಯ ಮಂಜಿನಲ್ಲಿ ಏನಾದರೂ ಕಾಣುತ್ತದೇನೋ ಎಂದು ಅಂಜಿ ನಾನು ಕಂಬಳಿಯೊಳಗೆ ಕಣ್ಣು ಮುಚ್ಚಿದ್ದೆ.

ತಿರುಗಿ ಬರುವಾಗ ಖಾಲಾ ನನ್ನ ತಲೆ ನೇವರಿಸಿದರು. "ಅಂಜಬ್ಯಾಡ ಬೇಟಿ. ಮನಿಗಿ ಬಂದು ಹೋಗ್ಯಾರ. ನಾ ಬಾಗಲ ಹಾಕ್ಕೊಂಡಿದ್ದೆ, ಮಳಿ ಅಂತ. ನಿನಗಾದ್ರೂ ಕಂಡ್ರಲ್ಲ."

ಆ ಚಳಿಗಾಲ ಮುಗಿಯುವುದರೊಳಗೆ ಖಾಲಾ ಖಣಿ, ಕಾರು ಎರಡನ್ನೂ ತಮ್ಮಂದಿರಿಗೆ ಒಪ್ಪಿಸಿ ಹೈದರಾಬಾದಿಗೆ ಹೋದರು. ನಾನು ಜೋಕಾಲಿ ಏರುವುದನ್ನು ಬಿಟ್ಟೆ. ಯಾರೂ ಬೈಯಲಿಲ್ಲ, ಯಾಕೆಂದು ಕೇಳಲೂ ಇಲ್ಲ.

ಈಗ ಈ ಕಥೆ ಹೇಳಿದರೆ ಮನೆಯ ಮಕ್ಕಳು, "ಬೇರೆ ಯಾರದೋ ಕಾರು ಇದ್ದಿರಬೇಕು ಅಜ್ಜಿ," ಅನ್ನುತ್ತಾರೆ. ಇದ್ದರೂ ಇರಬಹುದು. ಆದರೆ ಹತ್ತು ವರ್ಷದ ಹುಡುಗಿಯ ಮಾತು ಕೇಳಿ, ಕಾಜಿಗೆ ಬಣ್ಣ ಹಚ್ಚಿ, ಅಷ್ಟು ದೂರ ಗಾಡಿ ತೆಗೆದುಕೊಂಡು ಹೊರಡುವ ದೊಡ್ಡವರು ಆಗ ಇದ್ದರು. ಅಪ್ಪನೂ ಹೋದ, ಖಾಲಾರೂ ಹೋದರು. ಹೋದ ವರ್ಷ ಮೊಮ್ಮಗನ ಜೊತೆ ಚಿಂಚೋಳಿಗೆ ಹೊರಟಾಗ, ಹಳ್ಳ ಬಂದರೆ ಒಂದು ಗಳಿಗೆ ನಿಲ್ಲಿಸು ಅಂದಿದ್ದೆ. ರಸ್ತೆ ಅಗಲವಾಗಿದೆ, ಎತ್ತರದ ಸೇತುವೆಗಳಾಗಿವೆ, ಕೆಳಗೆ ನೀರಿದೆಯೋ ಇಲ್ಲವೋ ಕಾಣುವುದಿಲ್ಲ. "ಎಲ್ಲಿ ಅಜ್ಜಿ, ಇಲ್ಲೇನು?" ಎಂದು ಅವನು ಎರಡು ಕಡೆ ಕೇಳಿದ. ಎಲ್ಲಿ ನಿಲ್ಲಿಸಬೇಕೆಂದು ನನಗೇ ತಿಳಿಯಲಿಲ್ಲ.