ದಾರ ಕಡಿಯುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ದರ್ಜಿ. ಮೂವತ್ತು ವರ್ಷ ಮೆಷಿನ್ ತುಳಿದರೂ ದಾರ ತುಂಡು ಮಾಡೋಕೆ ಕತ್ತರಿ ಮುಟ್ಟಿದವನಲ್ಲ. ಬಟ್ಟೆಯನ್ನು ಬಾಯಿಗೆತ್ತಿ ಕಟಕ್ ಅಂತ ಕಡಿದುಬಿಡೋನು. ಕೇಳಿದರೆ, "ಕತ್ತರಿ ಹುಡುಕೋ ಹೊತ್ತಿಗೆ ಇನ್ನೊಂದು ಗುಂಡಿ ಹಾಕಬಹುದು" ಅಂತಿದ್ದ. ಕತ್ತರಿ ಅವನ ತೊಡೆ ಪಕ್ಕದಲ್ಲೇ ಬಿದ್ದಿರುತ್ತಿತ್ತು, ಅದು ಬೇರೆ ಮಾತು.

ಅವನಿಗೆ ಸಕ್ಕರೆ ಕಾಯಿಲೆ ಬಂದಮೇಲೆ ಮನೆಯಲ್ಲಿ ದಿನಾ ರಗಳೆ. ಮಾತ್ರೆ ತಪ್ಪಿಸಲಿಲ್ಲ, ಸಿಹಿ ಪೂರ್ತಿ ಬಿಟ್ಟ. ಆದರೂ ರಕ್ತ ಪರೀಕ್ಷೆ ಮಾಡಿಸಿದಾಗೆಲ್ಲ ಸಕ್ಕರೆ ಏರಿಯೇ ಇರೋದು. ಚಿಕ್ಕಮ್ಮ ತೀರ್ಪು ಕೊಟ್ಟೇಬಿಟ್ಟಳು: ಕದ್ದು ತಿಂತಾನೆ. ಸಕ್ಕರೆ ಡಬ್ಬಿ ಬೀರು ಸೇರಿತು, ಬೀಗದ ಕೈ ದಾರಕ್ಕೆ ಪೋಣಿಸಿ ಅವಳ ಕೊರಳು ಸೇರಿತು.

"ನಿನ್ನಾಣೆ, ಒಂದು ಕಾಳೂ ಮುಟ್ಟಿಲ್ಲ ಕಣೇ."

"ನನ್ನ ಮೇಲೆ ಆಣೆ ಬೇರೆ ಕೇಡು," ಅಂತ ಅವಳು ಅಂಗಿ ಜೇಬು ತಡಕೋಳು.

ಪಾಪ ಚಿಕ್ಕಪ್ಪ. ಗಿರಾಕಿಗಳಿಗೆ "ನಾಳೆ ಬನ್ನಿ" ಅನ್ನೋದು ಬಿಟ್ಟರೆ ಸುಳ್ಳೇ ಆಡದ ಮನುಷ್ಯ. ಕಟ್ಟಿಕೊಂಡವಳೇ ನಂಬಲ್ಲ ಅಂತ ಒಳಗೊಳಗೇ ಸೊರಗಿಹೋದ.

ಒಂದು ದಿನ ಮೇಷ್ಟ್ರೊಬ್ಬರು ಹೊಸ ಬಿಳಿ ಅಂಗಿ ವಾಪಸ್ ತಂದರು. ಗುಂಡಿ ಹತ್ತಿರ ಕೆಂಪು ಚುಕ್ಕೆ. "ಸೂಜಿ ಚುಚ್ಚಿತ್ತು," ಅಂದ ಚಿಕ್ಕಪ್ಪ. ಚಿಕ್ಕಮ್ಮನೂ ಅಂಗಡಿಯಲ್ಲಿ ಕೈಹೊಲಿಗೆ ಮಾಡೋಳು, ಅವಳ ಹತ್ತಿರ ಇದು ನಡೆಯುತ್ತಾ? ಬಟ್ಟೆಯಡಿ ಹಿಡಿದ ಬೆರಳಿಗೆ ಚುಚ್ಚಿದರೆ ಕಲೆ ಬಟ್ಟೆಯ ಒಳಮಗ್ಗುಲಲ್ಲಿರಬೇಕು. ಇದು ಹೊರಗೆ, ದಾರ ಕಡಿದ ಜಾಗದಲ್ಲೇ ಇತ್ತು.

"ಬಾಯಿ ತೆಗೀರಿ," ಅಂದಳು.

ವಸಡು ಊದಿಕೊಂಡು ಕೆಂಪಗಾಗಿತ್ತು. ಎರಡು ವರ್ಷದಿಂದ ರಕ್ತ ಬರ್ತಿತ್ತಂತೆ. ಡಾಕ್ಟರ್ ಹತ್ತಿರ ಹೋದರೆ ದಾರ ಕಡಿಯೋದು ಬಿಡಿಸ್ತಾರೆ ಅಂತ ತೆಪ್ಪಗಿದ್ದ ಪುಣ್ಯಾತ್ಮ.

ಹಲ್ಲಿನ ಡಾಕ್ಟರಮ್ಮ ವಸಡು ಶುಚಿ ಮಾಡಿ ಹೇಳಿದರು: "ವಸಡಿನ ಸೋಂಕು ಬಾಯಲ್ಲೇ ಇರಲ್ಲ ಯಜಮಾನ್ರೇ. ಇಡೀ ಮೈ ಅದರ ಜೊತೆ ಗುದ್ದಾಡುತ್ತೆ, ಸಕ್ಕರೆ ಇಳಿಯೋಕೆ ಬಿಡಲ್ಲ. ಹೃದಯಕ್ಕೂ ಒಳ್ಳೇದಲ್ಲ."

ಬಾಯಲ್ಲಿ ಹತ್ತಿ ತುಂಬಿಕೊಂಡಿದ್ದ ಚಿಕ್ಕಪ್ಪ ಹೆಂಡತಿಯ ಕೊರಳಲ್ಲಿದ್ದ ಬೀಗದ ಕೈ ಕಡೆ ಬೆರಳು ತೋರಿಸಿದ, ಅಷ್ಟೇ.

ಮೂರು ತಿಂಗಳಿಗೆ ಸಕ್ಕರೆ ಇಳಿಯಿತು. ಚಿಕ್ಕಮ್ಮ ಜಪ್ಪಯ್ಯ ಅಂದರೂ ತಪ್ಪಾಯ್ತು ಅನ್ನಲಿಲ್ಲ. ಕೊರಳಿನ ದಾರ ಬಿಚ್ಚಿ, ಬೀಗದ ಕೈ ತೆಗೆದು, ಅದೇ ದಾರಕ್ಕೆ ಪುಟ್ಟ ಕತ್ತರಿ ಪೋಣಿಸಿ ಅವನ ಕೊರಳಿಗೆ ಕಟ್ಟಿದಳು. ಗಂಟು ಬಿಗಿದು, ಮಿಕ್ಕ ತುದಿ ಕಡಿಯೋಕೆ ಬಾಯಿ ಹಾಕಿದಳು.

"ಬೇಡ ಕಣೇ, ವಸಡು," ಅಂತ ಚಿಕ್ಕಪ್ಪ ಅವಳ ಬಾಯಿಂದ ದಾರ ಬಿಡಿಸಿ ಕತ್ತರಿಯಲ್ಲಿ ಕತ್ತರಿಸಿದ.