ಹದಿನೆಂಟು ಇಂಚು

ಎಲ್ಲಿಯಾದರೂ ಚೆಂಡೆಯ ಸದ್ದು ಕೇಳಿದರೆ ನನ್ನ ಬಲಗೈಯ ತೋರುಬೆರಳು ಈಗಲೂ ತಾನಾಗಿ ಬಾಗುತ್ತದೆ. ಟೀವಿಯಲ್ಲಿ ಕೇಳಿದರೂ ಅಷ್ಟೆ. ಮಗಳು ಅದನ್ನು ವಾತದ ಲಕ್ಷಣ ಎಂದುಕೊಂಡು ಡಾಕ್ಟರಿಗೆ ತೋರಿಸಿದಳು. ಅವರು ವಿಟಮಿನ್ ಬರೆದುಕೊಟ್ಟರು. ಶಟರ್ ಒತ್ತುವ ಚಾಳಿ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಮಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದಾಗ ನನ್ನ ರಿಪೋರ್ಟ್ ಕಾರ್ಡಿನಲ್ಲಿ ಪ್ರತಿ ಟರ್ಮ್ ಬರುತ್ತಿದ್ದ ಶಬ್ದ ಒಂದೇ: ‘ರೆಸ್ಟ್‌ಲೆಸ್’. ಚಾಪೆಲ್ಲಿನಲ್ಲಿ ಮೊಣಕಾಲೂರಿದರೂ ನನ್ನ ಹಿಮ್ಮಡಿ ತಾಳ ಹಾಕುತ್ತಿತ್ತು. ‘ಸಿಟ್ ಸ್ಟಿಲ್, ಚೈಲ್ಡ್’ ಎಂದು ಸಿಸ್ಟರ್ ಹೇಳಿದಷ್ಟು ಸಲ ನನ್ನ ಅಮ್ಮ ನನ್ನನ್ನು ಹೆಸರು ಹಿಡಿದು ಕರೆದಿರಲಾರಳು. ಅಂಥವಳ ಕೈಗೆ ಕ್ಯಾಮರಾ ಸಿಕ್ಕಿದ್ದು ದೇವರ ಸೆನ್ಸ್ ಆಫ್ ಹ್ಯೂಮರ್ ಇರಬೇಕು.

ಅರವತ್ತರ ಆಸುಪಾಸು. ನಾನು ಮೂಡುಬಿದಿರೆಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಚಿಕ್ಕಮ್ಮನ ಮನೆ ಅಲ್ಲಿಯೇ ಇದ್ದುದರಿಂದ ವಾಸಕ್ಕೆ ಅದೇ ಆಯಿತು. ಶನಿವಾರ ಬಸ್ಸು ಹತ್ತಿ ಬಂಟ್ವಾಳದ ನಮ್ಮ ಮನೆಗೆ ಬರುತ್ತಿದ್ದೆ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಭಾವ ಒಮ್ಮೆ ಊರಿಗೆ ಬಂದವರು ತಮ್ಮ ಎರಡು ಕಣ್ಣಿನ ಕ್ಯಾಮರಾವನ್ನು ನನ್ನ ಬಳಿ ಬಿಟ್ಟುಹೋದರು. ಮೇಲಿನ ಕಣ್ಣು ನಮಗೆ ನೋಡಲು, ಕೆಳಗಿನದು ಫಿಲ್ಮಿಗೆ. ಅದನ್ನು ಹೊಟ್ಟೆಯ ಹತ್ತಿರ ಹಿಡಿದುಕೊಂಡು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ‘ಮಳೆಗಾಲದ ಮೊದಲು ಬಂದು ತೆಗೆದುಕೊಂಡು ಹೋಗುತ್ತೇನೆ, ಹಾಳು ಮಾಡಬೇಡ’ ಎಂದಿದ್ದರು.

ಬಂಟ್ವಾಳದಲ್ಲಿ ನಮ್ಮ ಮನೆಯ ಇಳಿಜಾರಿನ ಕೆಳಗೆ ಒಬ್ಬ ಟೈಲರಿನ ಅಂಗಡಿ ಇತ್ತು. ನನ್ನ ಕಾನ್ವೆಂಟಿನ ಯೂನಿಫಾರ್ಮುಗಳನ್ನು ಹೊಲಿದವರು ಅವರೇ. ಮಳೆಗಾಲದಲ್ಲಿ ಮಾತ್ರ ಟೈಲರ್. ದೀಪಾವಳಿ ಕಳೆದರೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಯಕ್ಷಗಾನದ ಟೆಂಟ್ ಮೇಳದ ಜೊತೆ ಹೊರಡುತ್ತಿದ್ದರು. ಮೇ ಕೊನೆಗೆ, ತುಳುವರ ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆಯಂದು, ಮೇಳದವರು ಗೆಜ್ಜೆ ಬಿಚ್ಚುವವರೆಗೆ ಊರೂರು ಸುತ್ತಾಟ. ಅವರದು ಪುಂಡುವೇಷ. ಎಂದರೆ ಹದಿಹರೆಯದ ವೀರರ ಪಾತ್ರ, ಕುಣಿತವೇ ಅದರ ಪ್ರಾಣ. ಸುತ್ತಿ ಸುತ್ತಿ ಮೇಲಕ್ಕೆ ಹಾರುವ ಅವರ ದಿಗಿಣ ನೋಡಲು ಮಡಂತ್ಯಾರಿನಿಂದ ಜನ ನಡೆದು ಬರುತ್ತಿದ್ದರು. ಆಗ ಅವರಿಗೆ ನಲವತ್ತೆರಡು ವರ್ಷ.

ಆ ವರ್ಷದ ತಿರುಗಾಟದ ಕೊನೆಕೊನೆಗೆ, ಮೇಳಕ್ಕೆ ರಜೆ ಇದ್ದ ಒಂದು ದಿನ ಅಂಗಡಿಯಲ್ಲಿ ಸಿಕ್ಕಿದರು. ನನ್ನ ಕುತ್ತಿಗೆಯಲ್ಲಿದ್ದ ಕ್ಯಾಮರಾ ನೋಡಿದರು.

“ಟೀಚರ್, ಇದರಲ್ಲಿ ಹಾರುವವರ ಫೋಟೋ ಬರ್ತದಾ?”

“ಬರಬಹುದು. ಯಾಕೆ?”

ಅವರು ಬಲ ಮೊಣಗಂಟನ್ನು ಸವರಿಕೊಂಡರು. “ಡಾಕ್ಟ್ರು ಸಾಕು ಅಂತ ಹೇಳಿದ್ದಾರೆ. ಪತ್ತನಾಜೆ ನಂತರ ಪುಂಡುವೇಷ ಇಲ್ಲ. ಮುಂದಿನ ವರ್ಷದಿಂದ ರಾಜನ ವೇಷ. ಕೂತ್ಕೊಂಡು ಮಾತಾಡುವುದು.”

“ಒಳ್ಳೆಯದೇ ಅಲ್ವಾ?”

“ಒಳ್ಳೆಯದು. ಪ್ರಾಯ ಆದವರಿಗೆ ಒಳ್ಳೆಯದು.”

ಮೆಷಿನಿನ ಡ್ರಾಯರಿನಿಂದ ಮೂರು ಫೋಟೋ ತೆಗೆದರು. ಮೂರರಲ್ಲೂ ವೇಷ ಕಟ್ಟಿಕೊಂಡು, ಗದ್ದ ಎತ್ತಿ, ಕಂಬದ ಹಾಗೆ ನಿಂತಿದ್ದರು. “ಇದನ್ನು ನೋಡಿ ಇವ ಹಾರ್ತಿದ್ದ ಅಂತ ಯಾರು ನಂಬ್ತಾರೆ? ಬಸ್ಸಿಗೆ ಕಾಯ್ತಿದ್ದಾನೆ ಅಂತ ಹೇಳ್ಬಹುದು. ನನಗೆ ಒಂದೇ ಫೋಟೋ ಸಾಕು. ಎರಡೂ ಕಾಲು ನೆಲದಿಂದ ಮೇಲೆ ಇರಬೇಕು. ಒಂದು ಕಾಲು ಎತ್ತಿದ್ದು ಬೇಡ, ಅದು ಕೊಕ್ಕರೆ ಕೂಡ ಮಾಡ್ತದೆ.”

ತೆಗೆದುಕೊಡುತ್ತೇನೆ ಎಂದುಬಿಟ್ಟೆ. ಪತ್ತನಾಜೆಗೆ ಐದು ವಾರ ಉಳಿದಿತ್ತು.

ಮೊದಲ ಪ್ರಯತ್ನ ಮಡಂತ್ಯಾರಿನಲ್ಲಿ. ಫ್ಲ್ಯಾಶ್ ಬಲ್ಬು ಹಾಕಿದೆ. ಒಮ್ಮೆ ಹೊತ್ತಿ ಸುಟ್ಟುಹೋಗುವ ಬಲ್ಬು ಅದು. ಟೆಂಟೆಲ್ಲ ಬೆಳ್ಳಗಾಯಿತು. ಮೇಲಿದ್ದ ಮನುಷ್ಯ ಕಣ್ಣು ಕಾಣದೆ ಇಳಿದು, ಒಂದು ಹೆಜ್ಜೆ ಮುಗ್ಗರಿಸಿ, ಹೇಗೋ ತಾಳಕ್ಕೆ ಕೂಡಿಕೊಂಡರು. ಆಟ ಮುಗಿದ ಮೇಲೆ ಮೇಳದ ಚೆಂಡೆಯವರು ನನ್ನನ್ನು ಹುಡುಕಿಕೊಂಡು ಬಂದರು. ಬೊಚ್ಚುಬಾಯಿಯ ಹಿರಿಯರು. “ಅಮ್ಮಾ, ಆ ಮಿಂಚು ಬೇಡ. ಅವನ ಕಾಲು ಮೊದಲೇ ಸರಿ ಇಲ್ಲ, ಕಣ್ಣನ್ನೂ ತೆಗೀಬೇಡಿ” ಎಂದರು. ಫೋಟೋದಲ್ಲಿ ಬಂದದ್ದು ಮುಂದಿನ ಸಾಲಿನವರ ತಲೆಗಳು, ಪರ್ಫೆಕ್ಟ್ ಫೋಕಸ್.

ಬಲ್ಬು ಇಲ್ಲದ ಮೇಲೆ ಉಳಿದದ್ದು ಕಂಬಗಳಿಗೆ ಕಟ್ಟಿದ ಗ್ಯಾಸ್‌ಲೈಟುಗಳು. ಅವು ಬುಸುಗುಡುತ್ತಾ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಉರಿಯುತ್ತವೆ. ಕೆಳಗೆ ನಿಂತರೆ ಹಗಲು, ನಾಲ್ಕು ಹೆಜ್ಜೆ ಆಚೆ ಹೋದರೆ ಅಮಾವಾಸ್ಯೆ. ಅಂಥ ಬೆಳಕಿಗೆ ಶಟರನ್ನು ನಿಧಾನಕ್ಕೆ ಇಡಬೇಕು. ನಿಧಾನಕ್ಕೆ ಇಟ್ಟರೆ ಕುಣಿಯುವವನು ಹೊಗೆಯಾಗುತ್ತಾನೆ. ಇದು ಸಾಲದೆಂದು ಆ ಕ್ಯಾಮರಾದ ಗಾಜಿನಲ್ಲಿ ಎಡ ಬಲ ಅದಲುಬದಲು. ಅವರು ಬಲಕ್ಕೆ ಹಾರಿದರೆ ಗಾಜಿನಲ್ಲಿ ಎಡಕ್ಕೆ ಹಾರುತ್ತಾರೆ. ನಾನು ಅವರ ಹಿಂದೆ ಹೋಗುತ್ತೇನೆಂದು ಪ್ರತಿ ಸಲ ಅವರಿಂದ ದೂರ ತಿರುಗುತ್ತಿದ್ದೆ. ಹೋಪ್‌ಲೆಸ್.

ಬೆಳ್ತಂಗಡಿಯಲ್ಲಿ ಬೇರೆಯೇ ಕಥೆ. ರಂಗಸ್ಥಳದ ಅಂಚಿಗೇ ಹೋಗಿ ನಿಂತಿದ್ದೆ. ಯುದ್ಧದ ಸನ್ನಿವೇಶ, ಚೆಂಡೆ ಏರುತ್ತಿತ್ತು. ಇನ್ನೇನು ಹಾರಬೇಕು, ಆಗ ಅವರ ಕಣ್ಣಿಗೆ ನಾನು ಬಿದ್ದೆ. ತಕ್ಷಣ ಸೊಂಟಕ್ಕೆ ಕೈಯಿಟ್ಟು, ಗದ್ದ ಎತ್ತಿ, ಕಂಬದ ಹಾಗೆ ನಿಂತುಬಿಟ್ಟರು. ಆ ಕಾಲದಲ್ಲಿ ಫೋಟೋ ಎಂದರೆ ಅಲುಗಾಡದೆ ನಿಲ್ಲುವುದು. ಅವರ ತಲೆ ಮರೆತರೂ ಮೈ ಮರೆಯಲಿಲ್ಲ. ಎದುರಿಗಿದ್ದ ರಾಕ್ಷಸ ವೇಷದವರು ಬಿಟ್ಟಾರೆಯೇ?

“ಎಲವೋ ಬಾಲಕಾ, ನೀನು ರಣರಂಗಕ್ಕೆ ಬಂದಿದ್ದೀಯೋ, ಸ್ಟುಡಿಯೋಕ್ಕೆ ಬಂದಿದ್ದೀಯೋ?”

ಟೆಂಟೆಲ್ಲ ಗೊಳ್ಳೆಂದಿತು. ಇವರು ಗದ್ದ ಇಳಿಸದೆಯೇ ಉತ್ತರ ಕೊಟ್ಟರು: “ದೈತ್ಯಾ, ನಿನ್ನನ್ನು ವಧಿಸಿದ ಮೇಲೆ ನಿನ್ನ ಮನೆಯ ಗೋಡೆಗೆ ಒಂದು ಪಟ ಬೇಡವೇ?”

ಚಪ್ಪಾಳೆ ಬಿತ್ತು. ನನಗೆ ಸಿಕ್ಕಿದ್ದು ಬಸ್ಸಿಗೆ ಕಾಯುವ ನಾಲ್ಕನೆಯ ಫೋಟೋ.

ನನ್ನ ಜೊತೆ ಬರುತ್ತಿದ್ದ ಚಿಕ್ಕಮ್ಮನಿಗೆ ಇದೆಲ್ಲ ಆಟಕ್ಕಿಂತ ದೊಡ್ಡ ಆಟ. “ಮಾರಾಯ್ತಿ, ಅವ ಕುಣಿಯುವುದಕ್ಕಿಂತ ಹೆಚ್ಚು ನೀನೇ ಕುಣಿಯುತ್ತಿ. ಒಂದು ಕಡೆ ಕೂತ್ಕೋ” ಎಂದು ಎಲೆ ಅಡಿಕೆಯ ಬಾಯಲ್ಲೇ ಬೈದರು. ನಿಜ. ತೊಳೆದು ಬಂದ ಫೋಟೋಗಳಲ್ಲಿ ಅರ್ಧ ಅಲುಗಾಟ ನನ್ನ ಕೈಯದು. ಬೇಸಿಗೆ ರಜೆಯ ಸ್ಪೆಷಲ್ ಕ್ಲಾಸಿನಲ್ಲಿ ಪೊಯೆಟ್ರಿ ಪಾಠ ಮಾಡುವಾಗಲೂ ನನ್ನ ಕಣ್ಣು ಕಿಟಕಿಯ ಬೆಳಕನ್ನು ಅಳೆಯುತ್ತಿತ್ತು. ಭಾವನ ಕಾಗದ ಬಂದಿತ್ತು, ಪತ್ತನಾಜೆಯ ಮರುದಿನವೇ ಬರುತ್ತಾರಂತೆ.

ಚೆಂಡೆಯವರಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಒಂದು ಸಂಜೆ ಚೌಕಿಯ ಹೊರಗೆ, ಎಂದರೆ ವೇಷ ಕಟ್ಟುವ ಜಾಗದ ಹೊರಗೆ, ಕರೆದು ಕೂರಿಸಿಕೊಂಡರು.

“ನೀವು ಅವನನ್ನು ನೋಡ್ತೀರಿ ಅಲ್ವಾ? ಅದೇ ತಪ್ಪು. ನೋಡಿ ಒತ್ತುವಷ್ಟರಲ್ಲಿ ಅವ ಕೆಳಗೆ ಬಂದಾಗಿರ್ತದೆ. ನನ್ನ ಕೈ ಕೇಳಿ. ಏಳು ಪೆಟ್ಟು ಒಟ್ಟಿಗೆ ಬರ್ತದೆ, ಮತ್ತೆ ಒಂದು ಬಿಡುವು. ಆ ಬಿಡುವಿನಲ್ಲಿ ಅವ ಮೇಲೆ ಇರ್ತಾನೆ. ಹೋಗುವುದೂ ಇಲ್ಲ, ಬರುವುದೂ ಇಲ್ಲ.”

ಬಾಯಿಯಲ್ಲೇ ಹೊಡೆದು ತೋರಿಸಿದರು. ನಾನು ಎರಡು ವಾರ ಚಪಾತಿ ಲಟ್ಟಿಸುವಾಗ, ನೋಟ್‌ಬುಕ್ ತಿದ್ದುವಾಗ ಅದನ್ನೇ ಎಣಿಸಿದೆ. ಏಳು, ಬಿಡುವು. ಏಳು, ಬಿಡುವು.

ಕೊನೆಯ ಆಟ ಮೂಡುಬಿದಿರೆಯಲ್ಲೇ ಬಿತ್ತು. ಟೈಲರಿನ ವೇಷ ಬರುವುದು ಬೆಳಗಿನ ಜಾವ. ಹಿಂದಿನ ಸಂಜೆ ಟೆಂಟಿನೊಳಗೆ ಯಾರೂ ಇಲ್ಲದಾಗ ನಾವಿಬ್ಬರೂ ಲೆಕ್ಕ ಹಾಕಿದೆವು. ಕ್ಯಾಮರಾವನ್ನು ಕೈಯಲ್ಲಿ ಹಿಡಿಯುವುದೇ ಬೇಡ, ಶಾಲೆಯ ಬೆಂಚಿನ ಮೇಲೆ ಕಟ್ಟಿಬಿಡುವುದು. ಅವರು ಹಾರುವ ಜಾಗಕ್ಕೆ ರಂಗಸ್ಥಳದ ಹಲಗೆಯ ಮೇಲೆ ಚಾಕಿನಿಂದ ಗುರುತು. ಫೋಕಸ್ ಆ ಗುರುತಿಗೆ. ತೊಂದರೆ ಇದ್ದದ್ದು ಮೇಲೆ. ಅಲ್ಲಿಯೇ ನೇರ ಗ್ಯಾಸ್‌ಲೈಟು. ಅದು ಫ್ರೇಮಿನೊಳಗೆ ಬಂದರೆ ಫಿಲ್ಮೆಲ್ಲ ಬಿಳಚಿಹೋಗುತ್ತದೆ. ಆದ್ದರಿಂದ ಎಷ್ಟು ಎತ್ತರಕ್ಕೆ ಹಾರುತ್ತಾರೆ ಎಂದು ಸರಿಯಾಗಿ ತಿಳಿದು, ಅಷ್ಟಕ್ಕೇ ಫ್ರೇಮು ಕಟ್ಟಬೇಕು.

“ಎಷ್ಟು ಹಾರ್ತೀರಿ?” ಎಂದು ಕೇಳಿದೆ.

ಅವರು ಕುತ್ತಿಗೆಯಿಂದ ಟೇಪು ಎಳೆದರು. ಮೇಳದಲ್ಲಿದ್ದರೂ ಟೇಪು ಬಿಡುವ ಮನುಷ್ಯನಲ್ಲ. ಕಂಬಕ್ಕೆ ಬೆನ್ನು ಕೊಟ್ಟು ತಮ್ಮ ಎತ್ತರ ಹಿಡಿಸಿದರು, ಕಿರೀಟ ಲೆಕ್ಕಕ್ಕೆ ಬೇಡ, ಮುಖ ಬಂದರೆ ಸಾಕು ಎಂದರು. ಕೊನೆಗೆ ಹಲಗೆಯಿಂದ ಮೇಲಕ್ಕೆ ಟೇಪು ಹಿಡಿದು, ಒಂದು ಗಳಿಗೆ ಯೋಚಿಸಿ, ಹೆಬ್ಬೆರಳಿಟ್ಟು ತೋರಿಸಿದರು.

“ಹದಿನೆಂಟು ಇಂಚು. ಮೊದಲು ಹೆಚ್ಚು ಇತ್ತು. ಈಗಿನ ಕಾಲಿಗೆ ಇಷ್ಟೇ.”

“ಶೂರ್?”

“ಟೀಚರ್, ಇಪ್ಪತ್ತೈದು ವರ್ಷದಲ್ಲಿ ಒಂದು ರವಿಕೆ ಬಿಗಿ ಆಯ್ತು ಅಂತ ವಾಪಸು ಬಂದದ್ದುಂಟಾ? ನಂಬಿ.”

ಸರಿಯಾಗಿ ಹದಿನೆಂಟಕ್ಕೇ ಫ್ರೇಮು ಕಟ್ಟಿದೆ.

ನಾಲ್ಕು ಗಂಟೆಗೆ ಚಿಕ್ಕಮ್ಮನನ್ನು ಎಬ್ಬಿಸಿಕೊಂಡು ಹೋದೆ. ಅವರ ವೇಷ ಬರುವ ಹೊತ್ತಿಗೆ ಟೆಂಟಿನ ಬದಿಯ ಬಟ್ಟೆ ಎತ್ತಿದ್ದರು, ಹೊರಗೆ ಬೂದಿ ಬಣ್ಣದ ಬೆಳಕು ಶುರುವಾಗಿತ್ತು. ಅದು ಒಳಗೆ ಬಂದು ಗ್ಯಾಸ್‌ಲೈಟಿನ ಹಳದಿಯೊಂದಿಗೆ ಸೇರಿ, ಐದು ವಾರಗಳಲ್ಲಿ ಮೊದಲ ಬಾರಿ ಅವರ ಮುಖದ ಎರಡೂ ಬದಿ ಕಾಣುತ್ತಿತ್ತು. ಫಿಲ್ಮಿನಲ್ಲಿ ಉಳಿದದ್ದು ಒಂದೇ ಒಂದು. ಅವರು ನನ್ನ ಕಡೆ ನೋಡದಿರಲೆಂದು ನಾನು ಬೆಂಚಿನ ಹಿಂದೆ ನೆಲದ ಮೇಲೆ ಕುಳಿತೆ. ಕೈಯಲ್ಲಿ ಶಟರಿನ ಕೇಬಲ್ಲು ಮಾತ್ರ. ಚೆಂಡೆ ಏರಿತು. ಹಲಗೆಯ ನಡುಕ ನೆಲದಿಂದ ನನ್ನ ಬೆನ್ನಿನವರೆಗೂ ಬಂತು. ಕಣ್ಣು ತೆರೆದರೆ ಕೈ ಅವಸರ ಮಾಡುತ್ತದೆ ಎಂದು ಗೊತ್ತಿತ್ತು. ಕಣ್ಣು ಮುಚ್ಚಿದೆ. ಐದು, ಆರು, ಏಳು. ಒತ್ತಿದೆ.

ಕಣ್ಣು ತೆರೆದಾಗ ಅವರು ಕೆಳಗಿದ್ದರು. ಜನರ ಬಾಯಿಂದ ‘ಓ’ ಎಂಬ ಉಸಿರು ಇನ್ನೂ ಮುಗಿದಿರಲಿಲ್ಲ. ಚಿಕ್ಕಮ್ಮ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದರು.

ಫೋಟೋ ಪಾಣೆಮಂಗಳೂರಿನಲ್ಲಿ ತೊಳೆಸಿದೆ. ಎರಡೂ ಪಾದ ನೆಲದಿಂದ ಮೇಲೆ, ಗೆಜ್ಜೆಯ ಒಂದೊಂದು ಮಣಿಯೂ ಎಣಿಸುವಷ್ಟು ಸ್ಪಷ್ಟ, ಕೆಳಗೆ ಹಲಗೆಯ ಮೇಲೆ ಅವುಗಳ ನೆರಳು, ನಡುವೆ ಬರೀ ಗಾಳಿ. ಗದ್ದದವರೆಗೆ ಎಲ್ಲವೂ ಇತ್ತು. ಅಲ್ಲಿಗೆ ಫೋಟೋ ಮುಗಿದಿತ್ತು.

ಅಂಗಡಿಗೆ ಒಯ್ದು ಕೊಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು.

“ತಲೆ ಎಲ್ಲಿ ಉಂಟು?”

“ನೀವು ಹದಿನೆಂಟು ಅಂದಿರಿ.”

ತಮ್ಮ ಪಾದವನ್ನು ಟೇಪಿನಿಂದ ಅಳೆದರು, ಫೋಟೋದಲ್ಲಿದ್ದ ಪಾದವನ್ನು ಸ್ಕೇಲಿನಿಂದ ಅಳೆದರು, ಪಾದದಿಂದ ಹಲಗೆಯವರೆಗಿನ ಗಾಳಿಯನ್ನೂ ಅಳೆದರು. ಚಾಕಿನ ತುಂಡಿನಿಂದ ಮೇಜಿನ ಮೇಲೆ ಗುಣಿಸಿದರು. ಇನ್ನೊಮ್ಮೆ ಗುಣಿಸಿದರು.

“ಇಪ್ಪತ್ತಾರು,” ಎಂದರು. ಚಾಕನ್ನು ಕೆಳಗಿಟ್ಟು, “ಈ ಎಂಟು ಇಂಚು ಎಲ್ಲಿಂದ ಬಂತು ಮಾರಾಯ್ರೇ?”

ಫೋಟೋವನ್ನು ಮನೆಗೆ ಒಯ್ದವರು ಮರುದಿನವೇ ವಾಪಸು ತಂದರು. ತಲೆ ಇಲ್ಲದ ಗಂಡನನ್ನು ಗೋಡೆಗೆ ಹಾಕಲು ಹೆಂಡತಿ ಒಪ್ಪಲಿಲ್ಲವಂತೆ, ಪೆಟ್ಟಿಗೆಯೊಳಗೂ ಬೇಡವಂತೆ. “ನಿಮ್ಮ ಹತ್ತಿರ ಇರಲಿ. ಬೇಕಾದವರನ್ನು ನಾನು ಅಲ್ಲಿಗೇ ಕಳಿಸ್ತೇನೆ” ಎಂದರು.

ನಿಜವಾಗಿಯೂ ಕಳಿಸಿದರು. ಆ ಮಳೆಗಾಲದಲ್ಲಿ ಚಿಕ್ಕಮ್ಮನ ಮನೆಯ ಜಗಲಿಗೆ ಕೊಡೆ ಮಡಿಸುತ್ತಾ ಯಾರಾದರೊಬ್ಬರು ಬರುವರು. “ಟೀಚರ್, ಕಾಲಿನ ಫೋಟೋ ಇಲ್ಲಿ ಉಂಟಂತೆ?” ನೋಡುವರು, ಚಾ ಕುಡಿಯುವರು, ಹೋಗುವರು. ಶಾಲೆಯ ಹೆಡ್‌ಮಾಸ್ಟರ್ ಕೂಡ ಬಂದರು, ಇನ್‌ಸ್ಪೆಕ್ಷನ್ ನೆಪ ಹೇಳಿಕೊಂಡು.

ಒಂದು ದಿನ ಕಕ್ಕಿಂಜೆ ಕಡೆಯ ತರುಣನೊಬ್ಬ ಬಂದ. ಮುಂದಿನ ವರ್ಷಕ್ಕೆ ಟೈಲರಿನ ಪುಂಡುವೇಷ ಸಿಕ್ಕಿದ್ದು ಇವನಿಗೆ. ಫೋಟೋವನ್ನು ತುಂಬಾ ಹೊತ್ತು ನೋಡಿದ.

“ಇದು ಯಾರದ್ದೂ ಆಗಬಹುದು,” ಎಂದ. ಕೊಂಕಿನಿಂದ ಹೇಳಿದ್ದಲ್ಲ. ಅವನಿಗೆ ತಿಳಿಯಬೇಕಿತ್ತು. “ನಲವತ್ತೆರಡು ವರ್ಷದವರು, ಆ ಕಾಲಿನಲ್ಲಿ, ಇಪ್ಪತ್ತಾರು. ನೀವು ಅಲ್ಲೇ ಇದ್ದಿರಿ ಅಲ್ವಾ? ನೋಡಿದ್ದೀರಾ?”

“ನೋಡಿದೆ,” ಎಂದೆ.

ಕಾನ್ವೆಂಟಿನಲ್ಲಿ ಮೋರಲ್ ಸೈನ್ಸಿಗೆ ನನಗೇ ಪ್ರೈಜು ಬರುತ್ತಿತ್ತು. ಅವನು ತಲೆಯಾಡಿಸಿ, ಫೋಟೋವನ್ನು ಎರಡೂ ಕೈಯಿಂದ ನನಗೆ ಮರಳಿಸಿ, ಮಳೆಗೆ ಇಳಿದು ಹೋದ.

ಆ ವಾರವೆಲ್ಲ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಸುಳ್ಳು ಹೇಳಿದ್ದಕ್ಕೆ ಅಷ್ಟಲ್ಲ. ಐದು ವಾರ ಆ ಮನುಷ್ಯನ ಹಿಂದೆ ಕತ್ತಲಲ್ಲಿ ಅಲೆದು, ಇದ್ದದ್ದರಲ್ಲಿ ಅತಿ ದೊಡ್ಡ ಹಾರಾಟವನ್ನು ಟೆಂಟಿನಲ್ಲಿ ನೋಡದೆ ಉಳಿದವಳು ನಾನೊಬ್ಬಳೇ ಎಂಬುದಕ್ಕೆ. ಶನಿವಾರ ಬಂಟ್ವಾಳಕ್ಕೆ ಹೋದವಳು ನೇರ ಅಂಗಡಿಗೆ ನಡೆದೆ. ಅವರು ಎಡಗಾಲಿನಿಂದ ಮಾತ್ರ ಮೆಷಿನ್ ತುಳಿಯುತ್ತಿದ್ದರು.

“ನಾನು ನೋಡಲಿಲ್ಲ. ಕಣ್ಣು ಮುಚ್ಚಿದ್ದೆ. ಆ ಕಕ್ಕಿಂಜೆಯವನಿಗೆ ಸುಳ್ಳು ಹೇಳಿದೆ.”

ಅವರು ಹೊಲಿಗೆ ನಿಲ್ಲಿಸಲಿಲ್ಲ. ಅಂಚಿನವರೆಗೆ ಹೋಗಿ, ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿ, ನೂಲನ್ನು ಹಲ್ಲಿನಿಂದ ಕಡಿದರು.

“ನಾನೂ ನೋಡಲಿಲ್ಲ ಟೀಚರ್,” ಎಂದರು. “ನಾನು ಮೇಲೆ ಇದ್ದೆ ಅಲ್ವಾ.”