ಸಣ್ಣ ಗೇರಿಗೆ ಕಟ್ಟಿದ ಭಂಡಾರದ ಚೀಲ

ನಾನು ಜೀಪಿನ ಸಣ್ಣ ಗೇರನ್ನು ಹಾಕಿ ನೋಡಲಿಲ್ಲ. ನೋಡಿದ್ದೇನೆ ಎಂದು ಮಾತ್ರ ಹೇಳಿದೆ. ಈ ಎರಡರ ನಡುವಿನ ಅಂತರ ಎಷ್ಟೆಂದು ಯಾರಾದರೂ ಕೇಳಿದರೆ ಸರಿಯಾಗಿ ಹೇಳಬಲ್ಲೆ: ಉಮರ್ಗಾದಿಂದ ಉದಗೀರದವರೆಗೆ, ನಡುವೆ ನಿಲಂಗಾದಲ್ಲಿ ಬಸ್ಸು ಬದಲಿಸಿಕೊಂಡು.

ಗಾಬರಿಯಾಗಬೇಡಿ. ಆ ಜೀಪಿನಲ್ಲಿ ಹೋದ ನಾಲ್ವರೂ ನೆಟ್ಟಗೆ ತಿರುಗಿ ಬಂದರು. ಸ್ವಲ್ಪ ಕರ್ರಗಾಗಿದ್ದರು, ನಮ್ಮಣ್ಣನ ಮೀಸೆಯಲ್ಲಿ ಉಪ್ಪು ಕೂತಿತ್ತು, ಅಷ್ಟೇ. ಆ ಮೀಸೆ ನೆನಪಾದರೆ ಈಗಲೂ ಎದೆ ಹಗುರಾಗುತ್ತದೆ. ಎದೆ ಹಗುರಾಗದೆ ಇಂಥದ್ದನ್ನೆಲ್ಲ ಬರೆಯಲು ನಾನು ಕೂಡುತ್ತಲೂ ಇರಲಿಲ್ಲ.

ನನ್ನದು ಗಡಿಯಾಚೆಯ ಮರಾಠಿ ಸೀಮೆಯಲ್ಲಿ, ಉಮರ್ಗಾದ ಹೈವೇ ಬದಿಯಲ್ಲಿ ಒಂದು ತಗಡಿನ ಗ್ಯಾರೇಜು. ನಾಲ್ಕನೇ ಇಯತ್ತೆಗೆ ಶಾಲೆ ಮುಗಿಯಿತು. ಮುಂದಿನದನ್ನು ಜೀಪುಗಳ ಕೆಳಗೆ ಮಲಗಿ ಕಲಿತೆ. ಊರೂರನ್ನೇ ಕೆಡವಿದ ಭೂಕಂಪದ ನಂತರ ನಮ್ಮ ಕಡೆ ಮನೆ ಕಟ್ಟಿಸುವವರು, ಔಷಧ ಕೊಡುವವರು, ಸುಮ್ಮನೆ ಬರೆದುಕೊಂಡು ಹೋಗುವವರು ಎಂದು ಎಷ್ಟೋ ಜೀಪುಗಳು ಓಡಾಡಿದವು. ಎಲ್ಲವೂ ಒಂದಲ್ಲ ಒಂದು ದಿನ ಕೆಡುತ್ತಿದ್ದವು. ಹೀಗೆ ಕೆಟ್ಟ ಜೀಪುಗಳೇ ನನಗೆ ಮಾಸ್ತರರಾದವು. ಅವುಗಳಲ್ಲೊಂದು ಕೆಲಸ ಮುಗಿದ ಮೇಲೆ ಉದಗೀರದಲ್ಲೇ ಉಳಿದು, ಅದರ ಡ್ರೈವರಾಗಿದ್ದ ನಮ್ಮಣ್ಣ ಸಿದ್ಧಪ್ಪನದೇ ಆಯಿತು.

ಉದಗೀರದ ಕಾಲೇಜೊಂದರಲ್ಲಿ ಗಿಡಗಳ ಪಾಠ ಹೇಳುವ ಮೇಡಂ ಒಬ್ಬರಿದ್ದರು. ಅವರಿಗೆ ಕಚ್ಛದ ಉಪ್ಪಿನ ಬಯಲಿನಲ್ಲಿ ಬೆಳೆಯುವ ಹುಲ್ಲು ನೋಡಬೇಕಿತ್ತು. ನಮ್ಮ ಕಡೆ ಹುಲ್ಲು ನೋಡಲು ಕುರಿಗಳು ಹೋಗುತ್ತವೆ. ಕಾಲೇಜಿನವರೂ ಹೋಗುತ್ತಾರೆಂದು ಅವತ್ತೇ ಗೊತ್ತಾದದ್ದು. ಬಯಲಿನೊಳಗೆ ಆರು ದಿನ. ಅಲ್ಲಿ ರಸ್ತೆಯಿಲ್ಲ, ಊರಿಲ್ಲ, ಪಂಕ್ಚರ್ ಅಂಗಡಿಯಂತೂ ಇಲ್ಲವೇ ಇಲ್ಲ. ಮೇಡಂ, ಅವರ ಇಬ್ಬರು ವಿದ್ಯಾರ್ಥಿನಿಯರು, ಜೀಪು ಹೊಡೆಯಲು ಅಣ್ಣ. ಜೀಪನ್ನು ಸಿದ್ಧಮಾಡುವ ಕೆಲಸ ನನ್ನದು.

ಇಂಥ ಪ್ರಯಾಣಕ್ಕೆ ಕಟ್ಟಿದ ಗಂಟು ಬಿಚ್ಚಿ ನೋಡಿದರೆ ಯಾರು ಯಾವುದಕ್ಕೆ ಹೆದರುತ್ತಾರೆಂಬುದು ತಿಳಿಯುತ್ತದೆ. ನಮ್ಮ ವೈನಿಗೆ, ಎಂದರೆ ಅಣ್ಣನ ಹೆಂಡತಿಗೆ, ಹಸಿವಿನ ಭಯ. ಎರಡು ಡಬ್ಬಿ ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿದಳು. ಮೇಡಂಗೆ ಮರೆವಿನ ಭಯ. ಹುಲ್ಲನ್ನು ಒತ್ತಿಡಲು ಹಳೆಯ ಪೇಪರಿನ ಹೊರೆಯನ್ನೇ ಕಳಿಸಿದರು. ನನಗೆ ಜನರ ಬಾಯಿಯ ಭಯ. ನನ್ನ ಕೈಯಿಂದ ಹೋದ ಗಾಡಿ ನಿಂತಿತೆಂದು ಯಾರೂ ಅನ್ನಬಾರದು. ಬೇಕಾದ ಬಿಡಿಭಾಗಗಳನ್ನೆಲ್ಲ ಪಟ್ಟಿಮಾಡಿದೆ. ಬೇಗ ಬೇಗ ಬರೆಯಲು ನನಗೆ ಬಾರದು, ಚಿತ್ರ ತೆಗೆಯುತ್ತೇನೆ. ಅಣ್ಣನ ಜೊತೆ ಗ್ಯಾರೇಜಿಗೆ ಬಂದಿದ್ದ ವೈನಿ ಆ ಕಾಗದ ನೋಡಿ, “ಇದೇನೋ ಮೈದುನಾ, ರೊಟ್ಟಿ ಇಷ್ಟ ಉದ್ದ ತಗದೀದಿ?” ಎಂದಳು. ಅದು ಫ್ಯಾನ್ ಬೆಲ್ಟು.

ಅಣ್ಣ ತನಗಾಗಿ ತಂದದ್ದು ಒಂದು ಹಗ್ಗ, ಒಂದು ಕಂಬಳಿ. “ಅಪ್ಪ ಕುರಿ ಹಿಂದ ಹೋಗೂವಾಗ ಮತ್ತೇನ ಒಯ್ತಿದ್ದ?” ಎಂದ. ಅವನಿಗೇನೂ ಭಯವಿರಲಿಲ್ಲ ಅನ್ನಬೇಡಿ. ಅವನ ಭಯ ಗಂಟಿನಲ್ಲಿ ಕಟ್ಟುವಂಥದ್ದಲ್ಲ. ಭೂಕಂಪದ ಮೊದಲು ನಮ್ಮ ಮನೆಯ ಗೋಡೆಯನ್ನು ಊರವರೆಲ್ಲ ಗಟ್ಟಿ ಐತಿ, ಗಟ್ಟಿ ಐತಿ ಎನ್ನುತ್ತಿದ್ದರು. ಆ ಗೋಡೆ ಅವನ ಎಡಗಾಲಿನ ಮೇಲೆಯೇ ಬಿತ್ತು. ಕಾಲು ಕೂಡಿತು, ಆದರೆ ಬಾಯಿಮಾತಿನ ಮೇಲಿನ ನಂಬಿಕೆ ಕೂಡಲಿಲ್ಲ. ಹೋಟೆಲಿನ ಬೆಂಚನ್ನೂ ಅಲ್ಲಾಡಿಸಿ ನೋಡಿಯೇ ಕೂಡುತ್ತಾನೆ. ಗೌಂಡಿಯಾಗಲಿ, ಡಾಕ್ಟರಾಗಲಿ, ನಮ್ಮ ಮನೆದೇವರು ಬೀರಪ್ಪನ ಪೂಜಾರಿಯಾಗಲಿ, ಯಾರು ಏನೇ ಹೇಳಿದರೂ ಅವನದು ಒಂದೇ ಪ್ರಶ್ನೆ: “ಕೈ ಹಚ್ಚಿ ನೋಡಿದ್ರಿ?” ಈ ಪ್ರಶ್ನೆಯಿಂದ ಬಿಡುಗಡೆ ಇದ್ದದ್ದು ನನಗೊಬ್ಬನಿಗೆ. ನಾನು ನೋಡೀನಿ ಎಂದರೆ ಮುಗಿಯಿತು.

ಈಗ ಸಣ್ಣ ಗೇರಿನ ವಿಷಯ. ಜೀಪಿನಲ್ಲಿ ದೊಡ್ಡ ಗೇರಿನ ಪಕ್ಕದಲ್ಲಿ ಗಿಡ್ಡದೊಂದು ಇರುತ್ತದೆ. ಗಾಡಿಯನ್ನು ದಿನವೂ ನೂಕುವುದು ಹಿಂದಿನ ಎರಡು ಚಕ್ರ. ಕೆಸರಿನಲ್ಲಿ ಹೂತಾಗ ಈ ಗಿಡ್ಡನನ್ನು ಎಳೆದರೆ ಮುಂದಿನ ಎರಡೂ ಎದ್ದು ದುಡಿಯುತ್ತವೆ. ನಮ್ಮ ಡಾಂಬರು ರಸ್ತೆಗಳಲ್ಲಿ ಅದಕ್ಕೆ ಕೆಲಸವೇ ಇಲ್ಲ. ಹಾಗಾಗಿ ಅಣ್ಣ ಅದಕ್ಕೆ ದೇವರ ಕೆಲಸ ಹಚ್ಚಿದ್ದ. ಬೀರಪ್ಪನ ಭಂಡಾರದ ಚೀಲವನ್ನು, ಅಂದರೆ ದೇವರ ಅರಿಸಿನದ ಪುಟ್ಟ ಚೀಲವನ್ನು, ಅದಕ್ಕೆ ಬಿಗಿಯಾಗಿ ಕಟ್ಟಿ ಕೆಳಗಿನ ಕೊಂಡಿಗೆ ಸುತ್ತಿದ್ದ. ಚೀಲ ಬಿಚ್ಚದೆ ಗೇರು ಅಲ್ಲಾಡದು. ಮೈತೊಳೆಯದೆ ಚೀಲ ಮುಟ್ಟುವಂತಿಲ್ಲ.

ನನ್ನ ಸಂಕಟ ನೋಡಿ. ಹಗಲೆಲ್ಲ ಕೈತುಂಬ ಗ್ರೀಸು. ಸಂಜೆ ಸ್ನಾನ ಮಾಡಿ ಬಂದು ಮುಟ್ಟೋಣ ಎಂದುಕೊಳ್ಳುತ್ತಿದ್ದೆ. ಸ್ನಾನವಾದ ಮೇಲೆ ಮತ್ತೆ ಜೀಪಿನ ಕೆಳಗೆ ತೂರಲು ಯಾರಿಗೆ ಮನಸ್ಸು ಬರುತ್ತದೆ? ಮೂರು ದಿನ ಹೀಗೆಯೇ ನಡೆಯಿತು. ಕೈ ಹೊಲಸಿದ್ದಾಗ ಭಕ್ತಿ ಅಡ್ಡ ಬರುತ್ತಿತ್ತು, ಕೈ ಸ್ವಚ್ಛವಿದ್ದಾಗ ಆಲಸ್ಯ. ದೇವರನ್ನು ಸೋಮಾರಿತನಕ್ಕೆ ಇಷ್ಟು ಚೆನ್ನಾಗಿ ಬಳಸಿಕೊಂಡವರು ನಮ್ಮ ವಂಶದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಶನಿವಾರ ಅಣ್ಣ ಜೀಪು ಒಯ್ಯುವಾಗ ಕೇಳಿದ, “ಸಣ್ಣ ಗೇರು?”

“ನೋಡೀನಿ ಅಣ್ಣಾ.”

ಅವನು ಹತ್ತಿ ಕೂತ. ಒಂದು ಸಲ, ಒಂದೇ ಸಲ, ‘ಕೈ ಹಚ್ಚಿ ನೋಡಿದಿ?’ ಎಂದು ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದೆ. ಕೇಳಲಿಲ್ಲವೆಂದು ಅವನ ಮೇಲೆಯೇ ಸಿಟ್ಟು ಬಂತು. ತಪ್ಪು ಮಾಡಿದವನ ಸಿಟ್ಟು ಹೇಗೆಲ್ಲ ದಾರಿ ಹುಡುಕುತ್ತದೆ ನೋಡಿ.

ಜೀಪು ಹೋದ ಮೇಲೆ ನೆನಪಾಯಿತು: ಹೋದ ಮಳೆಗಾಲದಲ್ಲಿ ಅದು ಹಳ್ಳದ ನೀರಿನಲ್ಲಿ ಅರ್ಧ ದಿನ ನಿಂತಿತ್ತು. ಗೇರು ತುಕ್ಕು ಹಿಡಿದಿದ್ದರೆ? ಉಪ್ಪಿನ ಕೆಸರಿನಲ್ಲಿ ಮೂವರು ಹೆಣ್ಣುಮಕ್ಕಳು, ಕುಡಿಯುವ ನೀರು ತೀರುತ್ತಿದೆ, ಸಹಾಯ ಹುಡುಕಿ ನಡೆಯಬೇಕಾದವನು ಎಡಗಾಲು ಎಳೆಯುವ ನಮ್ಮಣ್ಣ. ಎಸ್‌ಟಿಡಿ ಬೂತಿಗೆ ಓಡಿ ಮೇಡಂ ಮನೆಗೆ ಫೋನು ಹಚ್ಚಿದೆ. ಅವರೇ ಎತ್ತಿದರು. “ಆರಾಮ ಇದ್ದೀರಿ?” ಎಂದು ಕೇಳಿದೆ. “ಆರಾಮ. ನೀವು?” ಎಂದರು. “ನಾನೂ ಆರಾಮರೀ,” ಎಂದು ಇಟ್ಟುಬಿಟ್ಟೆ. ಅಂದು ಆಡಿದ ಎರಡನೇ ಸುಳ್ಳು ಅದು.

ಭಾನುವಾರ, ಅವರು ಹೊರಡುವ ದಿನವೇ, ಮುಂಜಾನೆ ಬಸ್ಸು ಹತ್ತಿದೆ. ನಿಲಂಗಾದಲ್ಲಿ ಇಳಿದು ಉದಗೀರದ ಗಾಡಿಗೆ ಕಾಯುವಾಗ, ತಿರುಗಿ ಉಮರ್ಗಾಕ್ಕೆ ಹೋಗುವ ಬಸ್ಸು ಎದುರಿಗೇ ಗುರ್ ಎನ್ನುತ್ತ ನಿಂತಿತ್ತು. ಕಂಡಕ್ಟರ್ ನನ್ನನ್ನೇ ನೋಡಿ “ಚಲಾ, ಚಲಾ, ಉಮರ್ಗಾ!” ಎಂದು ಕೂಗಿದ. ಬಹುಶಃ ಗೇರು ಸರಿಯಾಗಿಯೇ ಇದ್ದೀತು ಎಂದುಕೊಂಡೆ. ಆ ‘ಬಹುಶಃ’ವನ್ನು ನಂಬಿ ಆ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೂ ಆಗಿತ್ತು. ಆಗ ನಮ್ಮ ಹಳೆಯ ಗೋಡೆ ಕಣ್ಣಿಗೆ ಬಂತು. ಕಾಲು ಕೆಳಗಿಳಿಸಿದೆ. “ಕಾಯ್ ಝಾಲಂ?” ಏನಾಯಿತು ನಿನಗೆ ಎಂದು ಕಂಡಕ್ಟರ್ ಬೈದುಕೊಂಡು ಹೋದ.

ನನ್ನನ್ನು ಉಳಿಸಿದ್ದು ನಮ್ಮ ಹಿರಿಯರ ಒಂದು ಪದ್ಧತಿ. ಕುರಿ ಹೊಡೆದುಕೊಂಡು ದೂರ ಹೊರಟವರು ಮೊದಲ ದಿನ ದೂರ ಹೋಗುವುದಿಲ್ಲ. ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಇಳಿದು, ಒಲೆ ಹೂಡಿ, ಒಂದು ದಿನ ಇರುತ್ತಾರೆ. ಬಿಟ್ಟುಬಂದದ್ದೆಲ್ಲ ಆ ಒಂದು ದಿನದಲ್ಲಿ ನೆನಪಾಗುತ್ತದೆ. ಜೀಪಿದ್ದರೂ ಅಣ್ಣ ಇದನ್ನು ಬಿಟ್ಟಿರಲಿಲ್ಲ. ಮೇಡಂ ಮೊದಲು ನಕ್ಕರಂತೆ, ಆಮೇಲೆ ಒಪ್ಪಿದರಂತೆ. ಹಾಗಾಗಿ ಮಧ್ಯಾಹ್ನ ನಾನು ತಲುಪಿದಾಗ ಜೀಪು ಉದಗೀರದ ಕೋಟೆಯಾಚೆಯ ಬಯಲಿನಲ್ಲೇ ಇತ್ತು. ಪಕ್ಕದಲ್ಲಿ ಡೇರೆ, ಒಲೆಯ ಮೇಲೆ ಬೇಳೆ.

“ಅಣ್ಣ ಎಲ್ಲಿ ಹೋಗ್ಯಾನ್ರಿ?”

ಮೇಡಂ ನಗುತ್ತ ಹೇಳಿದರು, “ಉಪ್ಪಿನ ಬಯಲಿಗೆ ಹೊಂಟೀವಿ, ಉಪ್ಪೇ ಮರತೀವಿ. ತರಲಿಕ್ಕೆ ಮನಿಗೆ ಹೋಗ್ಯಾರ.”

ಬೋರಿನ ಹತ್ತಿರ ಹೋಗಿ ಸ್ನಾನ ಮಾಡಿದೆ. ಒದ್ದೆ ಮೈಯಲ್ಲೇ ಬಂದು, ಕೈಮುಗಿದು, ಚೀಲ ಬಿಚ್ಚಿದೆ. ಗೇರು ಎಳೆದರೆ ಕಲ್ಲು. ಕೂದಲೆಳೆಯಷ್ಟೂ ಸರಿಯಲಿಲ್ಲ. ಕೆಳಗೆ ತೂರಿ ಡೀಸೆಲ್ ಹೊಯ್ದೆ, ತುಕ್ಕು ಕೆರೆದೆ, ಬಡಿದೆ, ಬೈದೆ, ಮತ್ತೆ ಬಡಿದೆ. ಸ್ನಾನವೆಲ್ಲ ವ್ಯರ್ಥವಾಯಿತು. ಕೊನೆಗೆ ಅದು ಒಮ್ಮೆ ಕಿರ್ರೆಂದು, ಮುದುಕನೊಬ್ಬ ಮನಸ್ಸಿಲ್ಲದೆ ಎದ್ದ ಹಾಗೆ, ಸರಿಯಿತು. ಜೀಪನ್ನು ಹಳ್ಳದ ಎರೆಮಣ್ಣಿನ ಕೆಸರಿಗೆ ಇಳಿಸಿದೆ. ನಾಲ್ಕೂ ಚಕ್ರ ಮಣ್ಣು ಕಚ್ಚಿ ಮೇಲೆ ಬಂದವು. ಮೂರು ಸಲ ಇಳಿಸಿ ಮೂರು ಸಲ ಹತ್ತಿಸಿದೆ. ನಿಜ ಹೇಳುತ್ತೇನೆ, ಅಂಥ ಸುಖ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಅಷ್ಟರಲ್ಲಿ ಅಣ್ಣ ಉಪ್ಪಿನ ಪುಡಿಕೆ ಹಿಡಿದು ಬಂದ. ಕೆಸರು ಮೆತ್ತಿದ ಚಕ್ರ ನೋಡಿದ, ಗ್ರೀಸು ಮೆತ್ತಿದ ನನ್ನನ್ನು ನೋಡಿದ.

“ಏನಲೇ ಬೀರ್ಯಾ, ನೋಡಿದ್ದನ್ನೇ ಮತ್ತ ನೋಡಾಕ ಇಷ್ಟ ದೂರ ಬಂದಿ?” ಎಂದ. ಮೇಡಂ ಕಡೆ ತಿರುಗಿ ಎದೆಯುಬ್ಬಿಸಿದ. “ನೋಡ್ರಿ ಮೇಡಂ, ನಾ ಯಾರ ಮಾತೂ ನಂಬಾಂವಲ್ಲ. ಇಂವಾ ನೋಡೀನಿ ಅಂದ್ರ ಮುಗೀತು, ನಾ ಮತ್ತ ಕೈ ಹಚ್ಚಂಗಿಲ್ಲ.”

ಗೇರು ಸರಿಯಾಗಿತ್ತು. ನಾನು ಸುಮ್ಮನಿದ್ದರೂ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಒಂದು ಬಟ್ಟಲು ಬೇಳೆಸಾರು ಕುಡಿದು ಸಂಜೆಯ ಬಸ್ಸು ಹಿಡಿಯಬಹುದಿತ್ತು. ಸಿಕ್ಕಿಬಿದ್ದವನಿಗೆ ಒಪ್ಪಿಕೊಳ್ಳುವುದು ಅಷ್ಟು ಕಷ್ಟವಲ್ಲ, ಬೇರೆ ದಾರಿಯೇ ಇರುವುದಿಲ್ಲ. ಪೂರಾ ತಪ್ಪಿಸಿಕೊಂಡವನಿಗೆ ನಾಲಿಗೆ ಬಹಳ ಭಾರ. ಆದರೆ ಅಣ್ಣ ಜೀವಮಾನದಲ್ಲಿ ಯಾರ ಪರವಾಗಿಯೂ ಆಡದ ಮಾತನ್ನು ನನ್ನ ಪರವಾಗಿ ನಾಲ್ಕು ಜನರೆದುರು ಆಡಿದ್ದ, ಮತ್ತು ಅದು ಸುಳ್ಳೆಂದು ಅವನಿಗೇ ಗೊತ್ತಿರಲಿಲ್ಲ. ಗೇರನ್ನು ಬಡಿದು ಸರಿಮಾಡಿದ ಹಾಗೆ ಆ ಮಾತನ್ನು ಸರಿಮಾಡುವ ಉಪಕರಣ ನನ್ನ ಪೆಟ್ಟಿಗೆಯಲ್ಲಿರಲಿಲ್ಲ. ಕೈ ಒರೆಸಿಕೊಂಡು ಅವನ ಮುಂದೆ ನಿಂತೆ.

“ಅಣ್ಣಾ, ನಾ ನೋಡಿರಲಿಲ್ಲ. ನಿನ್ನಿ ನಿನಗ ಸುಳ್ಳ ಹೇಳಿದ್ದೆ. ಕೈ ಹಚ್ಚಿದ್ದು ಈಗ. ತಪ್ಪಾತು ಅಣ್ಣಾ, ಮಾಫ್ ಮಾಡು.”